ನವೆಂಬರ್‌ನಲ್ಲಿ ಇಬ್ಬರೂ ರಿಪಬ್ಲಿಕನ್ನರು

ಅಮೆರಿಕದ ಚುನಾವಣಾ ನಕ್ಷೆಯಲ್ಲಿ ನೆಬ್ರಾಸ್ಕಾ ರಾಜ್ಯದ ಉತ್ತರ ಭಾಗ ಪೂರ್ತಿ ಕೆಂಪು. ಅದು ರಿಪಬ್ಲಿಕನ್ ಪಕ್ಷದ ಬಣ್ಣ. ‘ಹಂಗಾದ್ರೆ ಅಲ್ಲಿ ಚುನಾವಣೆ ಸುಮ್ನೆ ಶಾಸ್ತ್ರಕ್ಕೆ ಅಲ್ವಾ?’ ಎಂದು ಊರಿನ ಗೆಳೆಯರು ಕೇಳುತ್ತಾರೆ. ಮತದಾರರ ವಿಳಾಸಗಳನ್ನು ಕ್ಷೇತ್ರದ ಗಡಿಗೆ ಹೊಂದಿಸಿ ಕೊಡುವುದು ನನ್ನ ಕೆಲಸ. ಬಣ್ಣಕ್ಕಿಂತ ಮತಪತ್ರ ನೋಡಿ, ಅದರಲ್ಲೂ ಅಲ್ಲಿನ ರಾಜ್ಯ ಸೆನೆಟರ್ ಚುನಾವಣೆಯದ್ದು ಎಂದು ಅವರಿಗೆ ಹೇಳುತ್ತೇನೆ.

ಮೊದಲು ಒಂದು ಗೊಂದಲ ಬಗೆಹರಿಸೋಣ. ರಾಜ್ಯದ ಸೆನೆಟ್ ಎಂದರೆ ನಮ್ಮ ವಿಧಾನ ಪರಿಷತ್ತಿನ ಹಾಗೆ ಅಂದುಕೊಳ್ಳಬೇಡಿ. ಪದವೀಧರರ ಕ್ಷೇತ್ರ, ಶಿಕ್ಷಕರ ಕ್ಷೇತ್ರ, ನಾಮಕರಣ ಇವೆಲ್ಲ ಅಲ್ಲಿಲ್ಲ. ಸೆನೆಟರನ್ನು ಜನರೇ ನೇರವಾಗಿ ಆರಿಸುತ್ತಾರೆ. ನೆಬ್ರಾಸ್ಕಾದಲ್ಲಂತೂ ಇರುವುದೇ ಒಂದು ಸದನ. ಜಾರ್ಜ್ ನಾರಿಸ್ ಎಂಬ ನಾಯಕ ಹಟ ಹಿಡಿದು ಪ್ರಚಾರ ಮಾಡಿದರು, 1934ರಲ್ಲಿ ಮತದಾರರು ಒಪ್ಪಿದರು, 1937ರಿಂದ ಒಂದೇ ಸದನ ನಡೆಯುತ್ತಿದೆ. ಸದಸ್ಯರು 49. ಎಲ್ಲರನ್ನೂ ಸೆನೆಟರ್ ಎಂದೇ ಕರೆಯುತ್ತಾರೆ.

ಇವರಲ್ಲಿ 43ನೇ ಕ್ಷೇತ್ರದವರ ಪಾಲಿಗೆ ಬಂದಿರುವುದು ಸ್ಯಾಂಡ್‌ಹಿಲ್ಸ್. ಮರಳು ದಿಬ್ಬಗಳ ಮೇಲೆ ಹುಲ್ಲು ಬೆಳೆದ ಸೀಮೆ ಅದು. ಉಳುಮೆ ಕಡಿಮೆ, ದನ ಸಾಕಣೆಯೇ ಬದುಕು. ಇದರೊಳಗಿನ ಚೆರಿ ಕೌಂಟಿಯನ್ನೇ ನೋಡಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು). ಸುಮಾರು 15,500 ಚದರ ಕಿಲೋಮೀಟರ್. ನಮ್ಮ ಬೆಳಗಾವಿ ಜಿಲ್ಲೆಗಿಂತ ದೊಡ್ಡದು. ಜನಸಂಖ್ಯೆ 2020ರ ಗಣತಿಯಲ್ಲಿ ಐದೂವರೆ ಸಾವಿರದ ಆಸುಪಾಸು! ಒಬ್ಬ ಸೆನೆಟರ್‌ಗೆ ಸುಮಾರು 40,000 ಜನ ಇರಬೇಕು ಎಂಬುದು ಲೆಕ್ಕ. ಹಾಗಾಗಿ ಕೌಂಟಿಯ ಮೇಲೆ ಕೌಂಟಿ ಸೇರಿಸುತ್ತಾ ಹೋಗಬೇಕಾಗುತ್ತದೆ.

ಇಷ್ಟು ಜಾಗಕ್ಕೆ ಒಬ್ಬರೇನಾ ಎಂದು ಅಲ್ಲಿನವರು ಬಹಳ ಹಿಂದಿನಿಂದ ಗೊಣಗುತ್ತಿದ್ದಾರೆ. 1962ರಲ್ಲಿ ರಾಜ್ಯದ ಸಂವಿಧಾನಕ್ಕೇ ತಿದ್ದುಪಡಿ ತಂದರು. ಕ್ಷೇತ್ರ ಗೀಚುವಾಗ ಜನರ ಜೊತೆಗೆ ವಿಸ್ತೀರ್ಣಕ್ಕೂ ಶೇ 20ರಿಂದ 30ರಷ್ಟು ತೂಕ ಕೊಡಬಹುದು ಎಂದು. ಅದು ಬಾಳಲಿಲ್ಲ. 1964ರಲ್ಲಿ ರೆನಾಲ್ಡ್ಸ್ ವಿರುದ್ಧ ಸಿಮ್ಸ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಶಾಸಕರು ಪ್ರತಿನಿಧಿಸುವುದು ಜನರನ್ನು, ಮರಗಳನ್ನೋ ಎಕರೆಗಳನ್ನೋ ಅಲ್ಲ ಎಂದಿತು. ನೆಬ್ರಾಸ್ಕಾದ ತಿದ್ದುಪಡಿಯೂ ಅದೇ ವರ್ಷ ಬಿದ್ದುಹೋಯಿತು. ತೀರ್ಪು ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಈ ಕ್ಷೇತ್ರದ ರಸ್ತೆಗಳಲ್ಲಿ ಗಾಡಿ ಓಡಿಸಿದವರ ಮುಂದೆ ಅದನ್ನು ಗಟ್ಟಿಯಾಗಿ ಹೇಳುವುದು ಕಷ್ಟ.

ನಮ್ಮ ಕೆಲಸಕ್ಕೂ ಇಲ್ಲಿ ತಲೆನೋವು ಜಾಸ್ತಿ. ಮನೆ ಒಂದು ಕೌಂಟಿಯಲ್ಲಿ, ಅಂಚೆ ವಿಳಾಸ ಪಕ್ಕದ ಕೌಂಟಿಯ ಪೋಸ್ಟ್ ಆಫೀಸಿನದು. ವಿಳಾಸ ನಂಬಿದರೆ ಮತದಾರರಿಗೆ ತಪ್ಪು ಮತಪತ್ರ ಹೋಗುತ್ತದೆ. ಹಾಗಾಗಿ ಮನೆ ನಿಜವಾಗಿ ನಿಂತಿರುವ ಜಾಗ ಹುಡುಕಬೇಕು. ಸಾಲದ್ದಕ್ಕೆ ಚೆರಿ ಕೌಂಟಿಯೊಳಗೇ ಗಡಿಯಾರದ ಗೆರೆ ಹಾಯುತ್ತದೆ: ಪೂರ್ವದ ಕಡೆ ಎಂಟು ಗಂಟೆಯಾದಾಗ ಪಶ್ಚಿಮದ ಕಡೆ ಏಳು. ಮತಗಟ್ಟೆಗಳು ಒಂದೇ ಕ್ಷಣದಲ್ಲಿ ತೆರೆದು ಮುಚ್ಚಲಿ ಎಂದು ಒಂದು ಕಡೆ 8ರಿಂದ 8, ಇನ್ನೊಂದು ಕಡೆ 7ರಿಂದ 7 ಎಂದು ಇಟ್ಟಿದ್ದಾರೆ.

ಈಗ ಮತಪತ್ರಕ್ಕೆ ಬರೋಣ. ನೆಬ್ರಾಸ್ಕಾದ ಶಾಸಕರ ಚುನಾವಣೆಯಲ್ಲಿ ಅಭ್ಯರ್ಥಿಯ ಹೆಸರಿನ ಮುಂದೆ ಪಕ್ಷ ಇರುವುದಿಲ್ಲ. ಮೇ ತಿಂಗಳ ಪ್ರೈಮರಿಯಲ್ಲಿ, ಅಂದರೆ ನವೆಂಬರ್ ಚುನಾವಣೆಗೆ ಮುಂಚಿನ ಸುತ್ತಿನಲ್ಲಿ, ಎಲ್ಲರ ಹೆಸರೂ ಒಂದೇ ಪಟ್ಟಿಯಲ್ಲಿ. ರಿಪಬ್ಲಿಕನ್, ಡೆಮಾಕ್ರಟ್, ಯಾವ ಪಕ್ಷಕ್ಕೂ ಸೇರದವರು ಎಲ್ಲರೂ ಅದರಲ್ಲೇ ಆರಿಸಬಹುದು. ಮೊದಲ ಇಬ್ಬರು ನವೆಂಬರ್‌ಗೆ ಹೋಗುತ್ತಾರೆ. ಆ ಇಬ್ಬರೂ ಒಂದೇ ಪಕ್ಷದವರಾದರೂ ಅಡ್ಡಿಯಿಲ್ಲ.

ಬೇಲಿಯಾಚೆಯ ಸೌತ್ ಡಕೋಟಾದಲ್ಲಿ ಹೀಗಿಲ್ಲ. ಅಲ್ಲಿ ರಿಪಬ್ಲಿಕನ್ ಪ್ರೈಮರಿಯಲ್ಲಿ ಆ ಪಕ್ಷಕ್ಕೆ ನೋಂದಾಯಿಸಿಕೊಂಡವರಷ್ಟೇ ಮತ ಹಾಕಬಹುದು. ಹಳ್ಳಿಗಾಡಿನ ಎಷ್ಟೋ ಸೀಟುಗಳು ಜೂನ್‌ನಲ್ಲೇ ತೀರ್ಮಾನವಾಗುತ್ತವೆ. ಉಳಿದವರು ನವೆಂಬರ್‌ನಲ್ಲಿ ಬಂದು ನೋಡುವಷ್ಟರಲ್ಲಿ ಊಟ ಮುಗಿದು ಎಲೆ ತೆಗೆದಾಗಿರುತ್ತದೆ.

43ನೇ ಕ್ಷೇತ್ರದಲ್ಲಿ ಏನಾಯಿತು ನೋಡಿ. 2016ರಲ್ಲಿ ಹಾಲಿ ಸೆನೆಟರ್ ಆಲ್ ಡೇವಿಸ್ ಅವರನ್ನು ಟಾಮ್ ಬ್ರೂವರ್ ಸೋಲಿಸಿದರು. ಆಗ ಇಬ್ಬರೂ ರಿಪಬ್ಲಿಕನ್ನರೇ. ಡೇವಿಸ್ ತಮ್ಮದೇ ಪಕ್ಷದ ಗವರ್ನರ್ (ಅಲ್ಲಿ ಜನರೇ ಆರಿಸುವ ರಾಜ್ಯದ ಮುಖ್ಯಸ್ಥ) ಪೀಟ್ ರಿಕೆಟ್ಸ್ ಮಾತಿಗೆ ಎದುರು ನಿಂತವರು. ಹಾಗಾಗಿ ಗವರ್ನರ್ ಬ್ರೂವರ್ ಬೆನ್ನಿಗೆ ನಿಂತರು. ಬ್ರೂವರ್ ಓಗ್ಲಾಲ ಲಕೋಟಾ ಬುಡಕಟ್ಟಿನವರು, ಸೇನೆಯ ನಿವೃತ್ತ ಕರ್ನಲ್. ಕ್ಷೇತ್ರದ ವೈಟ್‌ಕ್ಲೇ ಎಂಬ ಪುಟ್ಟ ಜಾಗದಲ್ಲಿ ನಾಲ್ಕು ಬಿಯರ್ ಅಂಗಡಿಗಳಿದ್ದವು. ಗಿರಾಕಿಗಳು ಹೆಚ್ಚಾಗಿ ಮದ್ಯ ನಿಷೇಧವಿದ್ದ ಪಕ್ಕದ ಪೈನ್ ರಿಡ್ಜ್ ಬುಡಕಟ್ಟು ಮೀಸಲು ಪ್ರದೇಶದ ಲಕೋಟಾ ಜನ. ಅವರು ಸೌತ್ ಡಕೋಟಾದವರಾದ್ದರಿಂದ ಇಲ್ಲಿ ಅವರಿಗೆ ಮತವಿಲ್ಲ. ಅಂಗಡಿಗಳು 2017ರಲ್ಲಿ ಮುಚ್ಚಿದವು. ಮುಚ್ಚಬೇಕು ಎಂದವರಲ್ಲಿ ಬ್ರೂವರ್ ಕೂಡ ಒಬ್ಬರು.

ಗಾಳಿ ವಿದ್ಯುತ್ ಇನ್ನೊಂದು ದೊಡ್ಡ ಜಗಳ. ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ಫ್ಯಾನುಗಳು ಬಂದಾಗಿನ ಮಾತು ನೆನಪಿದ್ದವರಿಗೆ ಇದು ಹೊಸದಲ್ಲ. ಜಮೀನು ಬಾಡಿಗೆಗೆ ಕೊಟ್ಟವರಿಗೆ ದುಡ್ಡು, ಪಕ್ಕದವರಿಗೆ ಬರೀ ನೋಟ. ಬ್ರೂವರ್ ಫ್ಯಾನುಗಳ ವಿರುದ್ಧ ಗಟ್ಟಿಯಾಗಿ ನಿಂತರು. ಆಸ್ತಿ ತೆರಿಗೆಯ ಸಿಟ್ಟೂ ಇದೆ. ಶಾಲೆಗಳು ನಡೆಯುವುದು ಬಹುಪಾಲು ಈ ತೆರಿಗೆಯಿಂದ. ದನ ಸಾಕುವವರ ಹೆಸರಲ್ಲಿ ಸಾವಿರಾರು ಎಕರೆ ಇರುತ್ತದೆ, ಕೈಯಲ್ಲಿ ಕಾಸು ಇರುವುದಿಲ್ಲ. ಕೆಂಪು, ನೀಲಿ ಬಣ್ಣಗಳು ಈ ಜಗಳಗಳನ್ನು ತೋರಿಸುವುದೇ ಇಲ್ಲ.

2020ರಲ್ಲೂ ನವೆಂಬರ್‌ಗೆ ಉಳಿದವರು ಇಬ್ಬರು ರಿಪಬ್ಲಿಕನ್ನರು: ಬ್ರೂವರ್ ಮತ್ತು ಚೆರಿ ಕೌಂಟಿಯ ಟಾನ್ಯಾ ಸ್ಟೋರರ್. ಬ್ರೂವರ್ ಗೆದ್ದರು. ಸತತ ಎರಡು ಅವಧಿಗಿಂತ ಹೆಚ್ಚು ಇರುವಂತಿಲ್ಲವಾದ್ದರಿಂದ 2024ರಲ್ಲಿ ಸೀಟು ತೆರವಾಯಿತು, ಸ್ಟೋರರ್ ಆರಿಸಿ ಬಂದರು.

ನನಗೆ ಸರಿಕಾಣದ್ದು ಸೆನೆಟರ್‌ಗಳ ಸಂಬಳ. ವರ್ಷಕ್ಕೆ 12,000 ಡಾಲರ್, 1988ರಲ್ಲಿ ಸಂವಿಧಾನದಲ್ಲೇ ಬರೆದಿಟ್ಟದ್ದು, ಇವತ್ತಿಗೂ ಅಷ್ಟೇ. ಚೆರಿ ಕೌಂಟಿಯ ವ್ಯಾಲಂಟೈನ್ ಪಟ್ಟಣದಿಂದ ರಾಜಧಾನಿ ಲಿಂಕನ್‌ಗೆ ಸುಮಾರು 480 ಕಿಲೋಮೀಟರ್. ಅಧಿವೇಶನ ಶುರುವಾಗುವುದು ಜನವರಿಯಲ್ಲಿ, ಅದು ನಡೆಯುತ್ತಿರುವಾಗಲೇ ಹಸುಗಳು ಕರು ಹಾಕುವ ಕಾಲ. ಮನೆಯಲ್ಲಿ ನೋಡಿಕೊಳ್ಳುವವರು ಇದ್ದರೆ, ಇಲ್ಲವೇ ಪಿಂಚಣಿ ಬರುತ್ತಿದ್ದರೆ ಮಾತ್ರ ನಿಲ್ಲುವ ಧೈರ್ಯ ಬರುತ್ತದೆ. ಇಬ್ಬರು ಅಭ್ಯರ್ಥಿಗಳು ಸಿಗುವುದೇ ದೊಡ್ಡದು ಎನ್ನುವ ಹಾಗಾಗಿದೆ.

ಈ ಕ್ಷೇತ್ರದ ಮುಂದಿನ ಚುನಾವಣೆ 2028ರಲ್ಲಿ. ಆಸಕ್ತಿ ಇದ್ದರೆ ನವೆಂಬರ್‌ವರೆಗೆ ಕಾಯಬೇಡಿ. ಮೇ ತಿಂಗಳಲ್ಲಿ ಎಷ್ಟು ಜನ ನಿಂತರು, ಮೊದಲ ಇಬ್ಬರ ನಡುವಿನ ಅಂತರ ಎಷ್ಟು, ಯಾವ ಕೌಂಟಿ ಯಾರ ಕಡೆ ವಾಲಿತು ಎಂದು ನೋಡಿ. ಪಕ್ಷದ ಕಾಲಂ ಖಾಲಿಯೇ ಇರುತ್ತದೆ.