ಡಿಸ್ಲೆಕ್ಸಿಯಾ ಮತ್ತು ಶಾಲೆ: ಕಲಿಸುವುದಕ್ಕಿಂತ ಮೊದಲು ಅಳೆಯುತ್ತಾ ಬಂದ ಇತಿಹಾಸ

ಡಿಸ್ಲೆಕ್ಸಿಯಾದಿಂದ, ಅಂದರೆ ಓದು ಕಲಿಯುವುದರಲ್ಲಿನ ವಿಶೇಷ ತೊಡಕಿನಿಂದ, ಓದು-ಬರಹದಲ್ಲಿ ಹಿಂದೆ ಬಿದ್ದ ಮಗುವಿಗೆ ಶಾಲೆ ಏನು ಮಾಡಬೇಕು ಎಂಬ ಪ್ರಶ್ನೆಗೆ ಇಂದು ಸಿಗುವ ಉತ್ತರಗಳು ಒಂದರೊಡನೊಂದು ತಾಳೆಯಾಗುವುದಿಲ್ಲ. ಮನೋವಿಜ್ಞಾನಿ ಅಂಕಿಗಳ ವರದಿ ಕೊಡುತ್ತಾರೆ, ಪರೀಕ್ಷಾ ಮಂಡಳಿ ಪ್ರಮಾಣಪತ್ರ ಕೇಳುತ್ತದೆ, ತರಗತಿಯ ಶಿಕ್ಷಕರು ಇನ್ನೊಂದು ವರ್ಷ ಕಾದು ನೋಡೋಣ ಎನ್ನುತ್ತಾರೆ, ಬಣ್ಣದ ಕನ್ನಡಕ ಮಾರುವವರು ಬೇರೆಯದೇ ಭರವಸೆ ನೀಡುತ್ತಾರೆ. ಇವರಲ್ಲಿ ಹೆಚ್ಚಿನವರು ತಮಗೆ ಗೊತ್ತಿರುವುದನ್ನೇ ಪ್ರಾಮಾಣಿಕವಾಗಿ ಹೇಳುತ್ತಿರುತ್ತಾರೆ. ಆದರೆ ಒಬ್ಬೊಬ್ಬರ ತಿಳಿವಳಿಕೆಯೂ ಈ ವಿಷಯದ ಚರಿತ್ರೆಯ ಒಂದೊಂದು ಘಟ್ಟದಲ್ಲಿ ನಿಂತುಬಿಟ್ಟಿದೆ. ಆ ಘಟ್ಟಗಳನ್ನು ಕ್ರಮವಾಗಿ ನೋಡದೆ ಇಂದಿನ ಗೊಂದಲ ಬಿಡಿಸಿಕೊಳ್ಳುವುದಿಲ್ಲ.

ಆರಂಭ ವೈದ್ಯರಿಂದ ಆಯಿತು, ಶಿಕ್ಷಕರಿಂದಲ್ಲ. 1877ರಲ್ಲಿ ಜರ್ಮನಿಯ ವೈದ್ಯ ಅಡಾಲ್ಫ್ ಕುಸ್‌ಮೌಲ್, ಮಾತು, ದೃಷ್ಟಿ, ಬುದ್ಧಿ ಸರಿಯಿದ್ದೂ ಮಿದುಳಿನ ಹಾನಿಯಿಂದ ಓದುವ ಶಕ್ತಿಯನ್ನಷ್ಟೇ ಕಳೆದುಕೊಂಡ ವಯಸ್ಕರ ಸ್ಥಿತಿಯನ್ನು ಪದಕುರುಡು ಎಂದು ವಿವರಿಸಿದರು. ಹತ್ತು ವರ್ಷಗಳ ಬಳಿಕ ನೇತ್ರತಜ್ಞ ರುಡಾಲ್ಫ್ ಬರ್ಲಿನ್ ಅಂಥದೇ ಸ್ಥಿತಿಗೆ ಡಿಸ್ಲೆಕ್ಸಿಯಾ ಎಂಬ ಹೆಸರನ್ನು ಬಳಸಿದರು. ಮಗುವೊಂದರ ಪ್ರಸ್ತಾಪ ಬರುವುದು 1896ರಲ್ಲಿ. ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಅಲ್ಲಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪರ್ಸಿ ಎಂಬ 14 ವರ್ಷದ ಹುಡುಗನ ಬಗ್ಗೆ ಬರೆದರು. ಏಳನೆಯ ವಯಸ್ಸಿನಿಂದಲೂ ಪಾಠ ಹೇಳಿಸಿಕೊಂಡಿದ್ದ ಆ ಹುಡುಗನಿಗೆ ಚಿಕ್ಕ ಪದಗಳನ್ನು ಓದುವುದೂ ಕಷ್ಟವಾಗಿತ್ತು. ತನ್ನ ಹೆಸರನ್ನೇ ಅಕ್ಷರ ಅದಲುಬದಲಾಗಿ ಬರೆಯುತ್ತಿದ್ದ. ಆದರೆ 785,852,017 ಎಂಬಂತಹ ಸಂಖ್ಯೆಯನ್ನು ಸಲೀಸಾಗಿ ಓದುತ್ತಿದ್ದ, ಬೀಜಗಣಿತದ ಲೆಕ್ಕ ಬಿಡಿಸುತ್ತಿದ್ದ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದರೆ ಇವನೇ ಶಾಲೆಯ ಚುರುಕಿನ ಹುಡುಗನಾಗುತ್ತಾನೆ ಎಂದು ಅವನ ಮೇಷ್ಟರು ಹೇಳಿದ್ದನ್ನೂ ಮಾರ್ಗನ್ ದಾಖಲಿಸಿದ್ದಾರೆ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಶಿಕ್ಷಕರೊಬ್ಬರು ಸಮಸ್ಯೆಯನ್ನು ಇಷ್ಟು ಸ್ಪಷ್ಟವಾಗಿ ಗುರುತಿಸಿದ್ದರೂ ವೈದ್ಯಕೀಯ ಪತ್ರಿಕೆಗಳಲ್ಲಿ ಚರ್ಚೆಯಾದದ್ದು ಹುಡುಗನ ಮಿದುಳೇ ಹೊರತು ಮೇಷ್ಟರ ಮಾತಲ್ಲ.

ಇದು ಆ ಕಾಲದಲ್ಲೇ ಬೆಳಕಿಗೆ ಬಂದುದರಲ್ಲಿ ಆಶ್ಚರ್ಯವೇನೂ ಇಲ್ಲ. ಇಂಗ್ಲೆಂಡಿನಲ್ಲಿ ಚಿಕ್ಕ ಮಕ್ಕಳಿಗೆ ಶಾಲಾ ಹಾಜರಿ ಕಡ್ಡಾಯವಾದದ್ದು 1880ರಲ್ಲಿ. ಓದು ಎಲ್ಲರಿಗೂ ಬೇಕಾದ ವಿದ್ಯೆಯಾಗುವವರೆಗೆ ಓದು ಬಾರದವರನ್ನು ಪ್ರತ್ಯೇಕವಾಗಿ ಗಮನಿಸುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ.

ಶಾಲೆಯ ಕಡೆಗೆ ಮೊದಲ ಹೆಜ್ಜೆ ಇಟ್ಟವರು ಅಮೆರಿಕದ ನರತಜ್ಞ ಸ್ಯಾಮ್ಯುಯೆಲ್ ಆರ್ಟನ್. ಅಕ್ಷರಗಳನ್ನು ತಿರುವುಮುರುವಾಗಿ ಕಾಣುವ ಮಕ್ಕಳ ಕುರಿತು 1925ರಲ್ಲಿ ಅವರು ಮಂಡಿಸಿದ ಮಿದುಳಿನ ಸಿದ್ಧಾಂತ ಮುಂದೆ ನಿಲ್ಲಲಿಲ್ಲ. ಆದರೆ ಅವರೊಡನೆ ದುಡಿದ ಆ್ಯನಾ ಗಿಲ್ಲಿಂಗಮ್ ಮತ್ತು ಬೆಸ್ಸೀ ಸ್ಟಿಲ್‌ಮನ್ 1930ರ ದಶಕದಲ್ಲಿ ರೂಪಿಸಿದ ಬೋಧನಾ ವಿಧಾನ ಉಳಿಯಿತು. ಒಂದು ಅಕ್ಷರದ ರೂಪವನ್ನು ಕಣ್ಣಿನಿಂದ, ಧ್ವನಿಯನ್ನು ಕಿವಿಯಿಂದ, ಬರೆಯುವ ಚಲನೆಯನ್ನು ಕೈಯಿಂದ ಒಟ್ಟಿಗೇ ಕಲಿಸುವುದು. ಸುಲಭದಿಂದ ಕಠಿಣಕ್ಕೆ ಕ್ರಮ ತಪ್ಪದೆ ಸಾಗುವುದು. ಹಿಂದಿನ ಪಾಠ ಗಟ್ಟಿಯಾಗದೆ ಮುಂದಕ್ಕೆ ಹೋಗದಿರುವುದು. ಮಗು ತಾನಾಗಿ ಊಹಿಸಿಕೊಳ್ಳಲಿ ಎಂದು ಯಾವುದನ್ನೂ ಬಿಡದೆ ಪ್ರತಿಯೊಂದನ್ನೂ ಬಿಡಿಸಿ ಹೇಳುವುದು, ಇದು ಆ ವಿಧಾನದ ತಿರುಳು. ಇಂದು ಪರಿಹಾರ ಬೋಧನೆಯ ಒಳ್ಳೆಯ ಕಾರ್ಯಕ್ರಮಗಳಲ್ಲಿ ಕಾಣುವುದರ ಬಹುಪಾಲು ಇದರಲ್ಲೇ ಇದೆ. ಅದು ಸಾರ್ವಜನಿಕ ಶಾಲೆಗಳಿಗೆ ದಾಟದೆ ಕೆಲವೇ ಖಾಸಗಿ ಶಾಲೆಗಳಲ್ಲಿ, ಮನೆಪಾಠಗಳಲ್ಲಿ ಉಳಿದುಕೊಂಡಿತು. ಮೂರು ದಶಕಗಳು ಹೀಗೇ ಕಳೆದವು.

1963ರಲ್ಲಿ ಶಿಕಾಗೋದಲ್ಲಿ ನಡೆದ ಪೋಷಕರ ಸಮ್ಮೇಳನದಲ್ಲಿ ಮನೋವಿಜ್ಞಾನಿ ಸ್ಯಾಮ್ಯುಯೆಲ್ ಕರ್ಕ್ 'ಕಲಿಕಾ ನ್ಯೂನತೆ' ಎಂಬ ಹೆಸರನ್ನು ಮುಂದಿಟ್ಟರು. ಅಲ್ಲಿಯವರೆಗೆ ತಮ್ಮ ಮಕ್ಕಳನ್ನು ದಡ್ಡರು, ಸೋಮಾರಿಗಳು ಎಂದು ಕರೆಸಿಕೊಂಡಿದ್ದ ತಂದೆತಾಯಂದಿರಿಗೆ ಅದು ದೊಡ್ಡ ಸಮಾಧಾನ ನೀಡಿತು; ಸಂಘಟನೆಗಳು ಹುಟ್ಟಿದವು, ಸರ್ಕಾರದ ಮೇಲೆ ಒತ್ತಡ ಬಿತ್ತು. 1975ರಲ್ಲಿ ನ್ಯೂನತೆಯುಳ್ಳ ಎಲ್ಲ ಮಕ್ಕಳಿಗೂ ಸೂಕ್ತ ಶಿಕ್ಷಣ ನೀಡಬೇಕೆಂಬ ಕಾನೂನು ಅಮೆರಿಕದಲ್ಲಿ ಬಂದಿತು. ಕಾನೂನು ಬಂದ ಮೇಲೆ ಹಣ ಬರುತ್ತದೆ, ಹಣ ಬಂದಾಗ ಯಾರಿಗೆ ಸಲ್ಲಬೇಕೆಂಬ ಪ್ರಶ್ನೆ ಏಳುತ್ತದೆ. ಇಂದಿನ ಗೊಂದಲದ ಬೇರು ಇರುವುದು ಈ ಪ್ರಶ್ನೆಗೆ ಅಂದು ಕೊಟ್ಟ ಉತ್ತರದಲ್ಲಿ.

1977ರ ನಿಯಮಗಳು ಕೊಟ್ಟ ಉತ್ತರ ಹೀಗಿತ್ತು: ಮಗುವಿನ ಬುದ್ಧಿಮಟ್ಟಕ್ಕೂ ಅದರ ಕಲಿಕೆಯ ಸಾಧನೆಗೂ ನಡುವೆ ತೀವ್ರ ಅಂತರವಿದ್ದರೆ ಅದನ್ನು ಕಲಿಕಾ ನ್ಯೂನತೆ ಎಂದು ಪರಿಗಣಿಸಬಹುದು. ಮೇಲ್ನೋಟಕ್ಕೆ ಇದು ನ್ಯಾಯವಾಗಿಯೇ ಕಾಣುತ್ತದೆ. ಬುದ್ಧಿವಂತ ಮಗು ಓದಲಾರದೆ ಹೋದರೆ ಅಲ್ಲೇನೋ ವಿಶೇಷ ಅಡ್ಡಿಯಿದೆ, ಬುದ್ಧಿಯೇ ಕಡಿಮೆಯಿದ್ದರೆ ಓದು ಕಡಿಮೆಯಾಗುವುದು ಸಹಜ ಎಂಬ ತರ್ಕ ಅದರ ಹಿಂದಿತ್ತು. ವಿಶ್ವ ನರವಿಜ್ಞಾನ ಒಕ್ಕೂಟ 1968ರಲ್ಲಿ ನೀಡಿದ ವ್ಯಾಖ್ಯೆಯೂ ಇದೇ ಹಾದಿಯದು. ವಾಡಿಕೆಯ ಬೋಧನೆ, ಸಾಕಷ್ಟು ಬುದ್ಧಿ, ಸಾಮಾಜಿಕ-ಸಾಂಸ್ಕೃತಿಕ ಅವಕಾಶ ಇವೆಲ್ಲ ಇದ್ದೂ ಓದು ಬಾರದಿದ್ದರೆ ಮಾತ್ರ ಅದು ಡಿಸ್ಲೆಕ್ಸಿಯಾ ಎಂದಿತು. ಪುಸ್ತಕವಿಲ್ಲದ ಮನೆಯಿಂದ, ಪಾಠವೇ ಸರಿಯಾಗಿ ನಡೆಯದ ಶಾಲೆಯಿಂದ ಬಂದ ಮಗುವಿಗೆ ಈ ಮಾತುಗಳು ಬಾಗಿಲು ಮುಚ್ಚಿದವು ಎಂಬುದನ್ನು ಆಗ ಹೆಚ್ಚಿನವರು ಗಮನಿಸಿದಂತಿಲ್ಲ.

ಅಳತೆಯ ಲೆಕ್ಕ ಹೇಗೆ ನಡೆಯುತ್ತಿತ್ತು ಎಂಬುದನ್ನು ಊಹೆಯ ಒಂದು ಉದಾಹರಣೆಯಿಂದ ತಿಳಿಯಬಹುದು. ಬುದ್ಧ್ಯಂಕ ಮತ್ತು ಓದಿನ ಅಂಕ ಎರಡರಲ್ಲೂ ಸರಾಸರಿ 100 ಎಂದಿಟ್ಟುಕೊಳ್ಳೋಣ. ಒಂದು ಮಗುವಿನ ಬುದ್ಧ್ಯಂಕ 118, ಓದಿನ ಅಂಕ 88. ಇನ್ನೊಂದರದು 90 ಮತ್ತು 75. ಅಂತರ 22 ಇರಬೇಕೆಂಬ ನಿಯಮವಿದ್ದರೆ ಮೊದಲ ಮಗುವಿಗೆ ನೆರವು ದೊರೆಯುತ್ತದೆ, ಎರಡನೆಯದಕ್ಕೆ ಇಲ್ಲ. ಆದರೆ ಓದಿನಲ್ಲಿ ಹೆಚ್ಚು ಹಿಂದುಳಿದಿರುವುದು ಎರಡನೆಯ ಮಗುವೇ. ಅಂತರ ಎಷ್ಟಿರಬೇಕೆಂಬುದೂ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿದ್ದುದರಿಂದ, ಮನೆ ಬದಲಿಸಿ ಗಡಿಯಾಚೆ ಹೋದ ಮಗು ತನ್ನ ನ್ಯೂನತೆಯನ್ನು ಕಾಗದದ ಮೇಲೆ ಕಳೆದುಕೊಳ್ಳುವುದೂ ಸಾಧ್ಯವಿತ್ತು.

ಇದಕ್ಕಿಂತ ಗಂಭೀರವಾದದ್ದು ಕಾಲದ ಪ್ರಶ್ನೆ. ಆರು ವರ್ಷದ ಮಗು ಓದುವುದು ಕೆಲವೇ ಪದಗಳನ್ನು. ಆ ವಯಸ್ಸಿನಲ್ಲಿ ಯಾರಿಗಿಂತ ಯಾರೂ ಬಹಳ ಹಿಂದಿರಲು ಸಾಧ್ಯವಿಲ್ಲ. ಅಂಕಿಗಳ ನಡುವೆ ಬೇಕಾದಷ್ಟು ಅಂತರ ಬೆಳೆಯಲು ಎಂಟು-ಒಂಬತ್ತು ವರ್ಷವಾಗಬೇಕು. ಕಲಿಸಿದರೆ ಅತಿ ಬೇಗ ಫಲ ಕೊಡುವ ಮೂರು ವರ್ಷಗಳನ್ನು ಹೀಗೆ ನಿಯಮವೇ ಕಾಯುವುದಕ್ಕೆ ಖರ್ಚು ಮಾಡಿಸಿತು. ಇನ್ನೊಂದು ವಿಪರ್ಯಾಸವನ್ನು ಕೆನಡಾದ ಸಂಶೋಧಕ ಕೀತ್ ಸ್ಟಾನೋವಿಚ್ 1986ರಲ್ಲಿ ವಿವರಿಸಿದರು. ಓದು ಬಾರದ ಮಗು ಕಡಿಮೆ ಓದುತ್ತದೆ, ಕಡಿಮೆ ಓದಿದ್ದರಿಂದ ಶಬ್ದಸಂಪತ್ತು ಮತ್ತು ಸಾಮಾನ್ಯಜ್ಞಾನ ಕುಂಠಿತವಾಗುತ್ತವೆ. ಬುದ್ಧಿಮಾಪನ ಪರೀಕ್ಷೆಗಳು ಅಳೆಯುವುದು ಬಹುಪಾಲು ಇವನ್ನೇ ಆದ್ದರಿಂದ ವರ್ಷಗಳು ಕಳೆದಂತೆ ಬುದ್ಧ್ಯಂಕವೂ ಇಳಿದು ಅಂತರ ಮುಚ್ಚಿಕೊಳ್ಳಬಹುದು. ನೆರವು ಸಿಗದೆ ಹೋದ ಮಗು, ನೆರವು ಸಿಗದ್ದರಿಂದಲೇ ನೆರವಿಗೆ ಅನರ್ಹವಾಗುವ ಸ್ಥಿತಿ ಇದು.

ಇಷ್ಟಾದರೂ ಈ ಸೂತ್ರ ಕಾಲು ಶತಮಾನ ಬಾಳಿತು. ಅದನ್ನು ಬರೆದವರು ಮಕ್ಕಳ ವಿರೋಧಿಗಳೇನೂ ಆಗಿರಲಿಲ್ಲ. ಆಡಳಿತಕ್ಕೆ ಒಂದು ಸಂಖ್ಯೆ ಬೇಕಿತ್ತು, ಪೋಷಕರಿಗೆ ತಮ್ಮ ಮಗು ದಡ್ಡನಲ್ಲ ಎಂಬ ಲಿಖಿತ ಮಾತು ಬೇಕಿತ್ತು, ಪರೀಕ್ಷಕರಿಗೆ ವಸ್ತುನಿಷ್ಠ ವಿಧಾನ ಬೇಕಿತ್ತು. ಸೂತ್ರ ಮೂವರನ್ನೂ ತೃಪ್ತಿಪಡಿಸಿತು. ತರಗತಿಯಲ್ಲಿ ನಾಳೆ ಬೆಳಿಗ್ಗೆ ಏನು ಕಲಿಸಬೇಕೆಂದು ಮಾತ್ರ ಅದು ಯಾರಿಗೂ ಹೇಳಲಿಲ್ಲ.

ಅದೇ ವರ್ಷಗಳಲ್ಲಿ ಪ್ರಯೋಗಾಲಯಗಳಲ್ಲಿ ಬೇರೆ ಚಿತ್ರ ಮೂಡುತ್ತಿತ್ತು. ಓದಲಾರದ ಮಕ್ಕಳು ಅಕ್ಷರಗಳನ್ನು ತಲೆಕೆಳಗಾಗಿ ನೋಡುತ್ತಾರೆ ಎಂಬ ನಂಬಿಕೆಯನ್ನು ಫ್ರಾಂಕ್ ವೆಲ್ಯುಟಿನೋ 1970ರ ದಶಕದಲ್ಲಿ ಸರಳ ಉಪಾಯದಿಂದ ಪರೀಕ್ಷಿಸಿದರು. ಇಂಗ್ಲಿಷ್ ಓದುವ ಮಕ್ಕಳಿಗೆ ಪರಿಚಯವೇ ಇಲ್ಲದ ಹೀಬ್ರೂ ಅಕ್ಷರಗಳನ್ನು ತೋರಿಸಿ ನೆನಪಿನಿಂದ ಬರೆಯಲು ಹೇಳಿದಾಗ, ಓದಲು ಕಷ್ಟಪಡುವ ಮಕ್ಕಳು ಉಳಿದವರಷ್ಟೇ ಚೆನ್ನಾಗಿ ಬರೆದರು. ತೊಡಕಿದ್ದುದು ಕಣ್ಣಿನಲ್ಲಲ್ಲ, ಅಕ್ಷರಕ್ಕೆ ಧ್ವನಿಯನ್ನು ಹೊಂದಿಸುವುದರಲ್ಲಿ. 1983ರಲ್ಲಿ ಆಕ್ಸ್‌ಫರ್ಡಿನ ಲಿನೆಟ್ ಬ್ರಾಡ್ಲಿ ಮತ್ತು ಪೀಟರ್ ಬ್ರಯಂಟ್, ಓದು ಕಲಿಯುವುದಕ್ಕೂ ಮುಂಚೆ ಪದಗಳ ಪ್ರಾಸ ಮತ್ತು ಮೊದಲ ಧ್ವನಿಯನ್ನು ಗುರುತಿಸುವ ಶಕ್ತಿ ಮುಂದಿನ ಓದನ್ನು ಸೂಚಿಸುತ್ತದೆಂದು ತೋರಿಸಿದರು. ಧ್ವನಿಯ ಅಭ್ಯಾಸದ ಜೊತೆಗೆ ಪ್ಲಾಸ್ಟಿಕ್ ಅಕ್ಷರಗಳನ್ನೂ ಕೈಗೆ ಕೊಟ್ಟ ಮಕ್ಕಳು ಹೆಚ್ಚು ಮುಂದುವರಿದರು ಎಂಬುದು ಅವರ ಅಧ್ಯಯನದ ಶಾಲೋಪಯೋಗಿ ಭಾಗ. ಮುಂದಿನ ಎರಡು ದಶಕಗಳಲ್ಲಿ ಸಂಶೋಧಕರು ಅಂತರವಿರುವ ಮತ್ತು ಅಂತರವಿಲ್ಲದ ಮಂದ ಓದುಗರನ್ನು ಹೋಲಿಸಿದಾಗ, ಧ್ವನಿಯ ದೌರ್ಬಲ್ಯ ಇಬ್ಬರಲ್ಲೂ ಒಂದೇ ಬಗೆಯದಾಗಿತ್ತು. 2011ರಲ್ಲಿ ಪ್ರಕಟವಾದ ಮಿದುಳಿನ ಚಿತ್ರಣದ ಅಧ್ಯಯನವೂ ಬುದ್ಧ್ಯಂಕ ಏನೇ ಇರಲಿ ಇಬ್ಬರಲ್ಲೂ ಒಂದೇ ಮಾದರಿ ಕಂಡುಬಂದಿತೆಂದು ತಿಳಿಸಿತು.

ಕಾನೂನು ಬದಲಾದದ್ದು ನಿಧಾನವಾಗಿ. 2004ರಲ್ಲಿ ಅಮೆರಿಕವು ಶಾಲೆಗಳು ಅಂತರದ ಸೂತ್ರವನ್ನು ಬಳಸಲೇಬೇಕಿಲ್ಲವೆಂದು ತಿದ್ದುಪಡಿ ಮಾಡಿ, ಮೊದಲು ಸರಿಯಾಗಿ ಕಲಿಸಿ, ಮಗು ಅದಕ್ಕೆ ಹೇಗೆ ಸ್ಪಂದಿಸುತ್ತದೆಂದು ನೋಡುವ ಕ್ರಮಕ್ಕೆ ಅವಕಾಶ ನೀಡಿತು. 2009ರಲ್ಲಿ ಬ್ರಿಟನ್ನಿನ ರೋಸ್ ವರದಿ, ಡಿಸ್ಲೆಕ್ಸಿಯಾ ಎಲ್ಲ ಬುದ್ಧಿಮಟ್ಟದವರಲ್ಲೂ ಇರುತ್ತದೆ, ಅದು ಇದೆ-ಇಲ್ಲ ಎಂಬ ಗೆರೆ ಎಳೆಯಲಾಗದ ನಿರಂತರತೆ ಎಂದಿತು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯ ಐದನೆಯ ಆವೃತ್ತಿ ಅಂತರದ ಷರತ್ತನ್ನು ಕೈಬಿಟ್ಟಿತು. ಆದರೆ ಹೊಸ ಕ್ರಮವೂ ತನ್ನದೇ ಕಾಯುವಿಕೆಯನ್ನು ಹುಟ್ಟಿಸಿತು. ಒಂದು ಹಂತ ಮುಗಿಯಲಿ, ಮತ್ತೊಂದು ಹಂತ ನೋಡೋಣ ಎನ್ನುತ್ತಾ ಮೌಲ್ಯಮಾಪನವನ್ನೇ ಮುಂದೂಡುವ ಶಾಲೆಗಳಿಗೆ, ಹಾಗೆ ಮಾಡುವಂತಿಲ್ಲ ಎಂದು 2011ರಲ್ಲಿ ಅಲ್ಲಿನ ಶಿಕ್ಷಣ ಇಲಾಖೆ ಲಿಖಿತವಾಗಿ ಹೇಳಬೇಕಾಯಿತು.

ಇಲ್ಲಿಯವರೆಗಿನ ಕಥೆ ಹೆಚ್ಚಾಗಿ ಇಂಗ್ಲಿಷಿನದು ಎಂಬುದನ್ನು ಮರೆಯಬಾರದು. ಯುರೋಪಿನ ಹಲವು ಭಾಷೆಗಳನ್ನು ಹೋಲಿಸಿ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ತರಗತಿಯ ಕೊನೆಗೆ ಫಿನ್ನಿಷ್ ಮತ್ತು ಗ್ರೀಕ್ ಮಕ್ಕಳು ಪರಿಚಿತ ಪದಗಳಲ್ಲಿ ಶೇ. 98ರಷ್ಟನ್ನು ಸರಿಯಾಗಿ ಓದಿದರೆ, ಇಂಗ್ಲಿಷ್ ಕಲಿಯುತ್ತಿದ್ದ ಸ್ಕಾಟ್ಲೆಂಡಿನ ಮಕ್ಕಳು ಓದಿದ್ದು ಶೇ. 34. ಬರೆದಂತೆ ಉಚ್ಚರಿಸುವ ಭಾಷೆಗಳಲ್ಲಿ ಡಿಸ್ಲೆಕ್ಸಿಯಾ ಇರುವ ಮಗು ತಪ್ಪು ಓದುವುದಕ್ಕಿಂತ ನಿಧಾನವಾಗಿ ಓದುತ್ತದೆ; ತಪ್ಪುಗಳನ್ನಷ್ಟೇ ಎಣಿಸುವ ಪರೀಕ್ಷೆ ಅದನ್ನು ಹಿಡಿಯುವುದಿಲ್ಲ. ಕನ್ನಡದಂತಹ ಲಿಪಿಗಳಲ್ಲಿ ತೊಡಕು ಇನ್ನೊಂದು ಬಗೆಯದು. ಧ್ವನಿ-ಅಕ್ಷರಗಳ ಸಂಬಂಧ ನೇರವಾಗಿದ್ದರೂ ಕಾಗುಣಿತ, ಒತ್ತಕ್ಷರ ಸೇರಿ ನೂರಾರು ರೂಪಗಳನ್ನು ಕಲಿಯಬೇಕು. 'ಸೂರ್ಯ' ಎಂಬಲ್ಲಿ ಮೊದಲು ಕೇಳುವ ರಕಾರ ಅರ್ಕಾವತ್ತಾಗಿ ಯಕಾರದ ನಂತರ ಕುಳಿತುಕೊಳ್ಳುತ್ತದೆ. ಕನ್ನಡ ಓದುವ ಮಕ್ಕಳನ್ನು ಕುರಿತು ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ, ಅಕ್ಷರಕಲಿಕೆ ಒಂದೆರಡು ವರ್ಷದಲ್ಲಿ ಮುಗಿಯದೆ ನಾಲ್ಕನೆಯ ತರಗತಿಯವರೆಗೂ ಸಾಗುತ್ತದೆಂದು ತೋರಿಸಿತು. ಹೀಗಿರುವಾಗ ಇಂಗ್ಲಿಷಿನ ಪರೀಕ್ಷೆಯನ್ನು ಅನುವಾದಿಸಿ, ಎರಡನೆಯ ತರಗತಿಯ ಮಗುವಿನ ಒತ್ತಕ್ಷರದ ತಪ್ಪನ್ನು ನ್ಯೂನತೆ ಎನ್ನುವುದೂ ಸರಿಯಲ್ಲ, ತಡವರಿಸಿ ಓದುವ ಐದನೆಯ ತರಗತಿಯ ಮಗುವನ್ನು ಸರಿಯಿದೆ ಎನ್ನುವುದೂ ಸರಿಯಲ್ಲ.

ಡಿಸ್ಲೆಕ್ಸಿಯಾದ ಜೊತೆಗಾರರಿಗೆ ದೊರೆತ ಗಮನ ಇನ್ನೂ ಕಡಿಮೆ. ಲೆಕ್ಕದ ತೊಡಕಾದ ಡಿಸ್‌ಕ್ಯಾಲ್ಕುಲಿಯಾದ ಕುರಿತು ಲಾದಿಸ್ಲಾವ್ ಕೋಶ್ಚ್ 1974ರಲ್ಲೇ ಬರೆದಿದ್ದರೂ ಅದರ ಸಂಶೋಧನೆ ಓದಿನ ಸಂಶೋಧನೆಗಿಂತ ಬಹಳ ಹಿಂದಿದೆ. ಬರವಣಿಗೆಯ ತೊಡಕನ್ನು ಈಗಲೂ ಅನೇಕ ಕಡೆ ಕೆಟ್ಟ ಕೈಬರಹ ಎಂದೇ ಕಾಣಲಾಗುತ್ತದೆ. ಗಮನದ ಕೊರತೆ ಜೊತೆಗೂಡಿದಾಗ ಯಾವುದಕ್ಕೆ ಮೊದಲು ಕೈಹಾಕಬೇಕೆಂಬುದು ಶಿಕ್ಷಕರಿಗೆ ತೋಚದಿರುವುದು ಸಹಜವೇ.

ಈ ನಡುವೆ ಹಲವು ದೇಶಗಳಲ್ಲಿ ಕಾನೂನುಗಳು ಬಂದಿವೆ. ಭಾರತದ 1995ರ ಅಂಗವಿಕಲರ ಕಾಯ್ದೆಯಲ್ಲಿ ಇಲ್ಲದಿದ್ದ ನಿರ್ದಿಷ್ಟ ಕಲಿಕಾ ನ್ಯೂನತೆ 2016ರ ಕಾಯ್ದೆಯ ಪಟ್ಟಿಗೆ ಸೇರಿತು. ಶಾಲೆಗಳಲ್ಲಿ ಎಲ್ಲಕ್ಕಿಂತ ಬೇಗ ಜಾರಿಯಾದದ್ದು ಪರೀಕ್ಷೆಯ ರಿಯಾಯಿತಿಗಳು: ಹೆಚ್ಚುವರಿ ಸಮಯ, ಲಿಪಿಕಾರರ ನೆರವು, ಕಾಗುಣಿತದ ತಪ್ಪಿಗೆ ಅಂಕ ಕಡಿಯದಿರುವುದು. ಇವು ಮಗುವಿನ ಹಕ್ಕು, ಕೃಪೆಯಲ್ಲ. ಆದರೆ ರಿಯಾಯಿತಿಗೆ ಒಂದು ಸುತ್ತೋಲೆ ಸಾಕು. ಓದಿಸುವುದಕ್ಕೆ ತರಬೇತಾದ ಶಿಕ್ಷಕರು, ನಾಲ್ಕೈದು ಮಕ್ಕಳ ಗುಂಪು, ವಾರದ ಬಹುತೇಕ ದಿನ ಅರ್ಧ ಗಂಟೆ ಬೇಕು. ಅಗ್ಗವಾದದ್ದು ಮೊದಲು ಬಂತು. ಫಿನ್ಲೆಂಡಿನಲ್ಲಿ ಮಾತ್ರ ದಶಕಗಳಿಂದಲೂ ಔಪಚಾರಿಕ ರೋಗನಿರ್ಣಯಕ್ಕೆ ಕಾಯದೆ ಅರೆಕಾಲಿಕ ವಿಶೇಷ ಬೋಧನೆ ನೀಡುವ ಪದ್ಧತಿಯಿದೆ. ನೆರವಿಗೆ ಪ್ರಮಾಣಪತ್ರ ಬೇಕಿಲ್ಲದಿದ್ದಾಗ ಅರ್ಹತೆಯ ಜಗಳಕ್ಕೂ ಅಷ್ಟಾಗಿ ಎಡೆಯಿರುವುದಿಲ್ಲ. ಬಣ್ಣದ ಕನ್ನಡಕ, ಕಣ್ಣಿನ ವ್ಯಾಯಾಮಗಳ ವಿಷಯದಲ್ಲಿ ಅಮೆರಿಕದ ಮಕ್ಕಳ ತಜ್ಞರು ಮತ್ತು ನೇತ್ರತಜ್ಞರ ಸಂಘಗಳು 2009ರಲ್ಲೇ ಜಂಟಿಯಾಗಿ ಆಧಾರವಿಲ್ಲ ಎಂದಿದ್ದರೂ ಆ ಮಾರುಕಟ್ಟೆ ಮುಚ್ಚಿಲ್ಲ. ಶಾಲೆ ಬಿಟ್ಟ ಜಾಗವನ್ನು ಯಾರಾದರೂ ತುಂಬುತ್ತಾರೆ.

ಈಗ ಚರ್ಚೆ ನಿಂತಿರುವುದು ಆರಂಭದ ತರಗತಿಗಳಲ್ಲೇ ಎಲ್ಲ ಮಕ್ಕಳ ಓದಿನ ತಪಾಸಣೆ ಮಾಡುವುದರ ಸುತ್ತ. ಅಮೆರಿಕದ ಹೆಚ್ಚಿನ ರಾಜ್ಯಗಳು ಇದನ್ನು ಕಾನೂನಿಗೆ ತಂದಿವೆ. ಅದು ಬೇಕಾದದ್ದೇ, ಆದರೆ ಮೂರನೆಯ ತರಗತಿ ದಾಟಿದವರ ಪ್ರಶ್ನೆ ಹಾಗೇ ಉಳಿದಿದೆ. ಜೋಸೆಫ್ ಟಾರ್ಗಸನ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಂಟರಿಂದ ಹತ್ತು ವರ್ಷದ 60 ಮಕ್ಕಳಿಗೆ ಎಂಟು ವಾರಗಳ ಕಾಲ ದಿನಕ್ಕೆ ಎರಡು ಬಾರಿ 50 ನಿಮಿಷದಂತೆ, ಒಬ್ಬರಿಗೆ ಒಬ್ಬ ಶಿಕ್ಷಕರನ್ನಿಟ್ಟು ಕಲಿಸಲಾಯಿತು. ಓದಿನ ನಿಖರತೆ ಬಹುಮಟ್ಟಿಗೆ ಸಾಮಾನ್ಯ ಮಟ್ಟ ತಲುಪಿತು, ವೇಗ ತಲುಪಲಿಲ್ಲ. ಇಷ್ಟು ತೀವ್ರ ಬೋಧನೆಯ ನಂತರವೂ ನಿಧಾನ ಉಳಿಯುವುದಾದರೆ, ಹದಿಮೂರನೆಯ ವಯಸ್ಸಿನಲ್ಲಿ ಗುರುತಿಸಲ್ಪಟ್ಟವರಿಗೆ ಪಾಠವನ್ನು ಕೇಳಿಸಿಕೊಳ್ಳುವ ಧ್ವನಿಪಠ್ಯವೂ ಬೇಕು, ಓದಿನ ಪಾಠವೂ ಬೇಕು. ಆದರೆ ಆ ಹಂತದಲ್ಲಿ ಅವರಿಗೆ ಸಿಗುವವರು ವಿಜ್ಞಾನ, ಸಮಾಜ, ಗಣಿತದ ಶಿಕ್ಷಕರು. ಓದು ಕಲಿಸುವುದು ಅವರ ತರಬೇತಿಯಲ್ಲೂ ಇರಲಿಲ್ಲ, ವೇಳಾಪಟ್ಟಿಯಲ್ಲಿ ಅದಕ್ಕೊಂದು ಪಿರಿಯಡ್ಡೂ ಇಲ್ಲ.