ಕಿವಿ ನಿಲ್ಲಿಸೋ ಟಾನಿಕ್

ನಮ್ಮ ಬೀದಿಯ ಕೊನೇ ಮನೆಗೆ ಮೂರು ತಿಂಗಳ ಜರ್ಮನ್ ಶೆಫರ್ಡ್ ಮರಿ ಬಂದಿದೆ. ಎಡಗಿವಿ ಸೆಟೆದು ನಿಂತಿದೆ, ಬಲಗಿವಿ ಬಾಳೆಎಲೆ ಹಾಗೆ ಮಡಚಿಕೊಂಡಿದೆ. ಒಳ್ಳೇ ಪಪ್ಪಿ ಫುಡ್ ಹಾಕುತ್ತಾರೆ. ಅದರ ಮೇಲೆ ದಿನಾ ಎರಡು ಚಮಚ ಕ್ಯಾಲ್ಸಿಯಂ ಟಾನಿಕ್. "ಕಿವಿ ನಿಲ್ಬೇಕಲ್ವಾ ಸಾರ್?"

ಕಿವಿಯೊಳಗೆ ಎಲುಬೇ ಇಲ್ಲ, ಇರುವುದು ಮೃದು ಕಾರ್ಟಿಲೇಜ್. ಹಲ್ಲು ಬದಲಾಗುವ ನಾಲ್ಕೈದನೇ ತಿಂಗಳಲ್ಲಿ ನಿಂತ ಕಿವಿಯೂ ಬೀಳಬಹುದು, ಆಮೇಲೆ ಸಾಮಾನ್ಯವಾಗಿ ತಾನೇ ಏಳುತ್ತದೆ. ಪುಣ್ಯ ಮಾತ್ರ ಬಾಟಲಿಗೆ!

ಟಾನಿಕ್ಕಿನ ಪೆಟ್ಟು ಬೀಳುವುದು ಕಾಲಿಗೆ. ಬೇಕಾದಷ್ಟೇ ಕ್ಯಾಲ್ಸಿಯಂ ಹೀರಿ ಉಳಿದದ್ದನ್ನು ಬಿಡುವ ಜಾಣತನ ಎಳೇ ಮರಿಯ ಕರುಳಿಗೆ ಇನ್ನೂ ಬಂದಿರುವುದಿಲ್ಲ. ಬಾಗಿಲಿಲ್ಲದ ತೂಬಿನ ಹಾಗೆ, ಬಂದದ್ದು ಒಳಗೆ ನುಗ್ಗುತ್ತದೆ. ಬೆಳೆಯುವ ಎಲುಬು ಅಂದರೆ ವಾಸ ಇರುವಾಗಲೇ ಮನೆ ದೊಡ್ಡದು ಮಾಡಿದ ಹಾಗೆ. ಒಬ್ಬ ಮೇಸ್ತ್ರಿ ಹೊರಗೆ ಇಟ್ಟಿಗೆ ಇಡಬೇಕು, ಇನ್ನೊಬ್ಬ ಒಳಗಿನ ಹಳೇ ಗೋಡೆ ಒಡೆಯಬೇಕು. ಕ್ಯಾಲ್ಸಿಯಂ ಜಾಸ್ತಿಯಾದರೆ ದೇಹ ಕ್ಯಾಲ್ಸಿಟೋನಿನ್ ಅನ್ನುವ ಹಾರ್ಮೋನು ಸುರಿಸಿ ಒಡೆಯುವವನನ್ನು ಮಲಗಿಸಿಬಿಡುತ್ತದೆ. ಸಿಮೆಂಟು ಮಾತ್ರ ಲೋಡುಗಟ್ಟಲೆ ಬರುತ್ತಲೇ ಇರುತ್ತದೆ. ಎಲುಬಾಗಬೇಕಿದ್ದ ಕಾರ್ಟಿಲೇಜ್ ದಪ್ಪಗೆ ಉಳಿದು ಬಿರುಕು ಬಿಡಬಹುದು, ಮುಂಗಾಲು ಬಿಲ್ಲಿನಂತೆ ಬಾಗಬಹುದು. 1980ರ ದಶಕದಲ್ಲಿ ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಗ್ರೇಟ್ ಡೇನ್ ಮರಿಗಳ ಮೇಲೆ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಹುಟ್ಟಿದಾಗ ಅರ್ಧ ಕಿಲೋ ಆಸುಪಾಸು ಇರುವ ಆ ಮರಿ ವರ್ಷ ತುಂಬುವಾಗ 50 ಕಿಲೋ ಮುಟ್ಟುತ್ತದೆ. ಆ ವೇಗದಲ್ಲಿ ಸಣ್ಣ ತಪ್ಪೂ ದೊಡ್ಡದಾಗುತ್ತದೆ.

ಹಾಗಂತ ಕ್ಯಾಲ್ಸಿಯಂ ಬೇಡ ಅಂತಲ್ಲ. 1889ರ ಸುಮಾರಿಗೆ ಲಂಡನ್ ಮೃಗಾಲಯದ ಸಿಂಹದ ಮರಿಗಳು ಬರೀ ಮಾಂಸ ತಿಂದು, ಎಲುಬು ಮೆತ್ತಗಾಗುವ ರಿಕೆಟ್ಸ್ ರೋಗದಿಂದ ನರಳುತ್ತಿದ್ದವು. ಜಾನ್ ಬ್ಲಾಂಡ್-ಸಟ್ಟನ್ ಎಂಬ ಸರ್ಜನ್ ಎಲುಬಿನ ಪುಡಿ, ಹಾಲು, ಕಾಡ್ ಮೀನಿನ ಎಣ್ಣೆ ಕೊಡಿಸಿದ, ಕೆಲವೇ ತಿಂಗಳಲ್ಲಿ ಚೇತರಿಸಿಕೊಂಡವು. ಮನೆಯಲ್ಲಿ ಅನ್ನ-ಕೋಳಿ ಬೇಯಿಸಿ ಹಾಕುವವರ ಮರಿಗೂ ಅದೇ ಕೊರತೆ ಬರುತ್ತದೆ. ಅಂಥವರು ಪಶುವೈದ್ಯರ ಹತ್ತಿರ ಗ್ರಾಂ ಲೆಕ್ಕ ಹಾಕಿಸಲೇಬೇಕು. ಬಿಸಿಲಿಗೆ ಕಟ್ಟಿದರೆ ಸಾಲದು, ನಾಯಿ ಚರ್ಮದಲ್ಲಿ ವಿಟಮಿನ್ ಡಿ ಸಾಕಷ್ಟು ತಯಾರಾಗುವುದಿಲ್ಲ.

ಬೆಳೆದಾಗ 32 ಕಿಲೋ ಮೀರುವ ತಳಿಗಳ ಮರಿಗೆ ಆಹಾರದಲ್ಲಿ, ನೀರಿನಂಶ ಬಿಟ್ಟ ಒಣ ತೂಕದ ಲೆಕ್ಕದಲ್ಲಿ, ಕ್ಯಾಲ್ಸಿಯಂ ಶೇ 1.8 ದಾಟಬಾರದು ಅನ್ನುವುದು ಪ್ರಾಣಿಗಳ ಆಹಾರಕ್ಕೆ ಮಟ್ಟ ಗೊತ್ತುಮಾಡುವ ಅಮೆರಿಕದ ಆಫ್ಕೋ ಸಂಸ್ಥೆಯ ಮಾನದಂಡ. ಉಳಿದ ನಾಯಿಗಳಿಗೆ ಅದು 2.5. ಚೀಲದ ಮೇಲೆ "ಲಾರ್ಜ್ ಬ್ರೀಡ್ ಪಪ್ಪಿ" ಅಂತ ಹುಡುಕಬೇಕಾದದ್ದು ಇದಕ್ಕೇ. ಜನ ಹೆದರುವ ಪ್ರೋಟೀನ್ ಪಾಪ, ಎಲುಬಿನ ಈ ತಂಟೆಯಲ್ಲಿಲ್ಲ.

ಬಟ್ಟಲು ತುಂಬಾ ಸುರಿಯುವುದೂ ಬೇಡ. 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವವರೆಗೆ ಗಮನಿಸಿದ ಒಂದು ಅಧ್ಯಯನದಲ್ಲಿ ಕಾಲುಭಾಗ ಕಡಿಮೆ ತಿಂದ ನಾಯಿಗಳು ಸುಮಾರು 1.8 ವರ್ಷ ಜಾಸ್ತಿ ಬದುಕಿದವು. ಸೊಂಟದ ಕೀಲೂ ಚೆನ್ನಾಗಿತ್ತು.

ಮೊನ್ನೆ ಕೊನೇ ಮನೆಯವರ ಬೆರಳು ಹಿಡಿದು ಮರಿಯ ಪಕ್ಕೆ ಮೇಲೆ ಆಡಿಸಿದೆ. ಒತ್ತದೆಯೇ ಎಲುಬು ಕೈಗೆ ಸಿಗಬೇಕು. ಸಿಗಲಿಲ್ಲ. "ದುಂಡಗಿದ್ರೆ ಚೆಂದ ಅಲ್ವಾ ಸಾರ್" ಅಂದರು. ಟಾನಿಕ್ ಬಾಟಲಿ ಮಾತ್ರ ಫ್ರಿಜ್ಜಿನ ಮೇಲೆ ಹೋಗಿದೆ.