ನಲ್ಲಿ ಊರಲ್ಲಿ, ನೀರು ಗುಡ್ಡದ ಹುಲ್ಲಲ್ಲಿ

ನಾನು ಚಿಕ್ಕವನಿದ್ದಾಗ, ಮೊದಲ ಜೋರು ಮಳೆ ಬಿದ್ದ ಮಾರನೇ ದಿನ ಚಿಕ್ಕಮಗಳೂರಿನ ನಮ್ಮ ಮನೆ ನಲ್ಲಿಯಲ್ಲಿ ಹಾಲು ಜಾಸ್ತಿಯಾದ ಕಾಫಿ ಬಣ್ಣದ ನೀರು ಬರುತ್ತಿತ್ತು. ಅಮ್ಮ ಕೊಡದ ಬಾಯಿಗೆ ಹಳೇ ಪಂಚೆ ಕಟ್ಟಿ ಸೋಸಿ, ಪಟಿಕ ಆಡಿಸಿ ರಾತ್ರಿಯಿಡೀ ಬಿಡುತ್ತಿದ್ದರು. ಬೆಳಿಗ್ಗೆ ನೋಡಿದರೆ ತಳದಲ್ಲಿ ಒಂದು ಬೆರಳು ಕೆಸರು.

ಊರಿಗೆ ನೀರು ಬರುವುದು ಹಿರೇಕೊಳಲೆ ಕೆರೆಯಿಂದ, ಮತ್ತೆ ಬೇಲೂರು ಹತ್ತಿರದ ಯಗಚಿ ಜಲಾಶಯದಿಂದ. ಎರಡಕ್ಕೂ ನೀರು ಇಳಿಯುವುದು ಬಾಬಾಬುಡನ್‌ಗಿರಿ ಸಾಲಿನಿಂದಲೇ. ಕಾಡು ಅಂದ ಕೂಡಲೇ ನಮಗೆ ಮರ ನೆನಪಾಗುತ್ತದೆ ಅಲ್ವಾ? ಆದರೆ ಈ ಸಾಲಿನ ನೆತ್ತಿಯಲ್ಲಿರುವುದು ಬರೀ ಹುಲ್ಲು. ಮಡಿಕೆ ಮಡಿಕೆಯ ಕಣಿವೆಗಳಲ್ಲಿ ಮಾತ್ರ ಒತ್ತಾದ ಗಿಡ್ಡ ಮರಗಳ ಶೋಲಾ. ಅದರೊಳಗೆ ತರಗೆಲೆ ಸರಿಸಿ ಬೆರಳು ಊರಿ ನೋಡಿ. ಬೇಸಿಗೆಯಲ್ಲೂ ಮಣ್ಣು ಕಪ್ಪಗೆ, ತಣ್ಣಗೆ, ಹಿಂಡಿದರೆ ಒದ್ದೆ. ಮಳೆ ನೀರು ಹುಲ್ಲಿನ ಬೇರು ಹಿಡಿದು ಕೆಳಗಿಳಿಯುತ್ತದೆ, ತಿಂಗಳುಗಟ್ಟಲೆ ಒರತೆಯಾಗಿ ಜಿನುಗುತ್ತದೆ. ಏಪ್ರಿಲ್‌ನಲ್ಲಿ ಹಳ್ಳದಲ್ಲಿ ಹರಿಯುವುದು ಹೋದ ವರ್ಷದ ಮಳೆ.

ಬ್ರಿಟಿಷರ ಕಾಲದಿಂದ ಕಾಡಿನ ಲೆಕ್ಕ ಅಂದರೆ ಮರದ ಲೆಕ್ಕ. ತೇಗ ಎಷ್ಟು, ಬೀಟೆ ಎಷ್ಟು. ಹುಲ್ಲುಗಾವಲು ಅವರ ಕಣ್ಣಿಗೆ ಸುಮ್ನೆ ಬಿದ್ದ ಬೀಳು ಜಮೀನು. ಸ್ವಾತಂತ್ರ್ಯ ಬಂದ ಮೇಲೂ ಈ ನೋಟ ಬದಲಾಗಲಿಲ್ಲ. ಖಾಲಿ ಕಂಡಲ್ಲೆಲ್ಲ ನೀಲಗಿರಿ, ಅಕೇಶಿಯಾ ನೆಟ್ಟರು. ಭದ್ರಾವತಿಯ ಕಾಗದ ಕಾರ್ಖಾನೆಗೆ ಮರ ಬೆಳೆಸಲು 1980ರಲ್ಲಿ ಮಲೆನಾಡಿನ ಅರಣ್ಯ ಜಮೀನು 40 ವರ್ಷಕ್ಕೆ ಗುತ್ತಿಗೆ ಹೋಯಿತು.

ಗಿಡ ನೆಟ್ಟರೆ ನೀರು ಜಾಸ್ತಿಯಾಗುತ್ತದೆ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿ. ತಮಿಳುನಾಡಿನ ನೀಲಗಿರಿ ಬೆಟ್ಟದ ಗ್ಲೆನ್‌ಮಾರ್ಗನ್‌ನಲ್ಲಿ ಇದನ್ನೇ ಅಳೆದು ನೋಡಿದರು. ಅಕ್ಕಪಕ್ಕದ ಎರಡು ಕಣಿವೆ. ಒಂದನ್ನು ಹಾಗೇ ಬಿಟ್ಟು, ಇನ್ನೊಂದರ ಹುಲ್ಲುಗಾವಲಲ್ಲಿ ನೀಲಗಿರಿ ನೆಟ್ಟರು. ಮೊದಲ 10 ವರ್ಷದಲ್ಲೇ ನೆಟ್ಟ ಕಣಿವೆಯ ಹಳ್ಳದ ನೀರು ಸುಮಾರು ಶೇ 16ರಷ್ಟು ಇಳಿಯಿತು. ಆ ಬೆಟ್ಟದ ಹೆಸರನ್ನೇ ಆಸ್ಟ್ರೇಲಿಯಾದ ಮರಕ್ಕೆ ಇಟ್ಟುಕೊಂಡವರು ನಾವು! ನಮ್ಮ ಸರ್ಕಾರ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ.

ಜಿಲ್ಲೆಯ ಆ ತುದಿಯಲ್ಲಿ, ಭದ್ರಾ ಹುಟ್ಟುವ ಕುದುರೆಮುಖದಲ್ಲಿ, ಕಥೆ ಇನ್ನೂ ಒರಟು. ಅಲ್ಲಿ ಕಬ್ಬಿಣದ ಅದಿರಿಗೆ ಗುಡ್ಡವನ್ನೇ ಕೆರೆದರು. ಕಂಪನಿ ಶುರುವಾದದ್ದು 1976ರಲ್ಲಿ. ಮಲೆನಾಡಿನಲ್ಲೇ ಅತಿ ಜೋರು ಮಳೆ ಬೀಳುವ ಜಾಗಗಳಲ್ಲಿ ಅದೂ ಒಂದು. ಬೋಳು ಮಾಡಿದ ಮಣ್ಣು ನಿಲ್ಲುತ್ತದೆಯೇ? ನದಿಯ ಹೂಳನ್ನು ಅಳೆದ ವಿಜ್ಞಾನಿಗಳಿಗೆ ಕಂಡದ್ದು ಇಷ್ಟು: ಗಣಿ ಇದ್ದದ್ದು ಜಲಾನಯನದ ಸಣ್ಣ ತುಂಡಿನಲ್ಲಿ, ಹೂಳಿನ ದೊಡ್ಡ ಪಾಲು ಬಂದದ್ದು ಅದರಿಂದಲೇ. ಆ ಹೂಳು ಇಳಿಯುವ ದಾರಿಯಲ್ಲಿ ಲಕ್ಕವಳ್ಳಿಯ ಭದ್ರಾ ಜಲಾಶಯವಿದೆ. ಅಲ್ಲಿಂದ ನಾಲೆಯಲ್ಲಿ ಹೋಗುವ ನೀರು ಕುಂದುವಾಡ ಕೆರೆ ತುಂಬಿ ದಾವಣಗೆರೆಯವರ ಲೋಟ ಸೇರುತ್ತದೆ. ಗಣಿ ನಿಲ್ಲಿಸಿ ಅಂತ ಸುಪ್ರೀಂ ಕೋರ್ಟ್ 2002ರಲ್ಲಿ ಆದೇಶ ಕೊಟ್ಟಿತು. 2005ರ ಕೊನೆಗೆ ಗಣಿ ನಿಂತಿತು. ಗಣಿಯ ಕೆಸರು ತುಂಬಿಸಲು ಕಟ್ಟಿದ ಲಕ್ಯಾ ಅಣೆಕಟ್ಟು ಈಗಲೂ ಆ ಕೆಸರು ಹೊತ್ತು ನಿಂತಿದೆ.

ನಮ್ಮ ಗಿರಿಯಲ್ಲಿ ಗಣಿಗಿಂತ ಬೆಂಕಿಯದೇ ತಲೆನೋವು. ಹೊಸ ಹುಲ್ಲು ಚಿಗುರಲಿ ಅಂತ ದನ ಕಾಯುವವರು ಬೆಂಕಿ ಇಡುತ್ತಿದ್ದದ್ದು ಹಳೇ ರೂಢಿ, ಅದನ್ನೊಂದನ್ನೇ ದೂರುವುದು ನನಗೆ ಸರಿ ಕಾಣುವುದಿಲ್ಲ. ಈಗ ಬಿಸಾಡಿದ ಒಂದು ಬೀಡಿ ತುಂಡಿಗೂ ಗುಡ್ಡ ಹತ್ತಿಕೊಳ್ಳುತ್ತದೆ. ಫೆಬ್ರವರಿ, ಮಾರ್ಚ್ ಬಂತೆಂದರೆ ಅರಣ್ಯ ಇಲಾಖೆಯ ವಾಚರ್‌ಗಳು ಹಸಿ ಸೊಪ್ಪು ಹಿಡಿದು ಬಡಿಯುತ್ತಾ ಓಡಬೇಕು. ಹುಲ್ಲು ಸುಟ್ಟ ಇಳಿಜಾರಿನ ಮೇಲೆ ಮಳೆ ಬಿದ್ದರೆ ನೀರು ಇಂಗುವುದಿಲ್ಲ, ಬೂದಿ ಮಣ್ಣು ಎರಡನ್ನೂ ಎಳೆದುಕೊಂಡು ಹಳ್ಳಕ್ಕೆ ಇಳಿಯುತ್ತದೆ.

ಅಮ್ಮನ ಕೊಡದ ತಳದಲ್ಲಿ ಕೆಸರಿನ ಜೊತೆ ಸಣ್ಣ ಕಪ್ಪು ಚೂರುಗಳೂ ಇರುತ್ತಿದ್ದವು. ಪೈಪಿನ ತುಕ್ಕು ಅಂದುಕೊಂಡು ತೆಂಗಿನ ಬುಡಕ್ಕೆ ಚೆಲ್ಲುತ್ತಿದ್ದೆವು.